300 ವರ್ಷದ ಬೆಟ್ಟದ ಕೆರೆ, ಸುತ್ತ ಸತ್ತ ಕಾಡು: ಇಲ್ಲಿ ನೀರುಗಂಟಿ ಯಾರು?

ಹೋದ ಜೂನ್‌ನಲ್ಲಿ ಒಂದು ಭಾನುವಾರ ಜರ್ಮನಿಯ ಹಾರ್ಟ್ಸ್ ಬೆಟ್ಟದಲ್ಲಿ ಓಡರ್‌ಟೈಶ್ ಅನ್ನೋ ಕೆರೆ ದಡದಲ್ಲಿ ನಿಂತ್ಕೊಂಡು ಊರಿಗೆ ವಿಡಿಯೋ ಕಾಲ್ ಮಾಡ್ದೆ, ಸುಮ್ನೆ ಜಾಗ ಚೆನ್ನಾಗಿದೆ ಅಂತ ತೋರಿಸೋಕೆ. ನಮ್ಮಪ್ಪ ಕೋಲಾರದ ಕಡೆ ರೈತ, ಕೆರೆ ನೋಡಿದ ತಕ್ಷಣ ನೀರಿನ ಚಂದ ಎಲ್ಲಾ ಅವರಿಗೆ ಬೇಕಾಗಲಿಲ್ಲ, "ಫೋನ್ ಆ ಕಡೆ ತಿರುಗ್ಸು, ಏರಿ ತೋರ್ಸು" ಅಂದ್ರು. ತೋರಿಸ್ದೆ. ಸ್ವಲ್ಪ ಹೊತ್ತು ನೋಡಿ, "ಏರಿ ಮೇಲೆ ಒಂದು ಜಾಲಿ ಗಿಡಾನೂ ಬಂದಿಲ್ವಲ್ಲೋ, ಯಾರೋ ಕೈ ಇಕ್ಕಿ ನೋಡ್ಕೊಂತಾವ್ರೆ. ನೀರುಗಂಟಿ ಯಾರು ಅಲ್ಲಿ?" ಅಂತ ಕೇಳಿದ್ರು. ನೀರುಗಂಟಿ ಅಂದ್ರೆ ಕೆರೆ ಕಾಯ್ಕೊಂಡು, ತೂಬು ತೆಗೆದು ನೀರು ಬಿಡೋನು. ನನಗೆ ಗೊತ್ತಿರಲಿಲ್ಲ. ಹ್ಯಾನೋವರ್‌ನಲ್ಲಿ ಆರು ವರ್ಷದಿಂದ ಇದೀನಿ, ಈ ಕೆರೆಗೆ ಐದಾರು ಸಲ ಹೋಗಿದೀನಿ, ಈಜಿದೀನಿ, ಚಿತ್ರಾನ್ನ ಡಬ್ಬಿ ತಗೊಂಡೋಗಿ ತಿಂದಿದೀನಿ, ಆದ್ರೆ ಇದನ್ನ ಯಾರೋ ನೋಡ್ಕೋತಾರೆ ಅನ್ನೋ ಯೋಚನೇನೇ ಬಂದಿರಲಿಲ್ಲ. ಕಾಡಲ್ಲಿದೆ ಅಂದ್ಮೇಲೆ ಕಾಡಿನದ್ದೇ ಅಂದ್ಕೊಂಡಿದ್ದೆ.

ಈಗ ಆ ಪ್ರಶ್ನೆ ಬರೀ ನಮ್ಮಪ್ಪಂದಲ್ಲ. ಕೆರೆ ಸುತ್ತ ಇದ್ದ ಕಾಡು ಕಳೆದ ಏಳೆಂಟು ವರ್ಷದಲ್ಲಿ ನಿಂತಲ್ಲೇ ಸತ್ತೋಗಿದೆ, ಮಳೆ ಬಂದ್ರೆ ಒಂದೇ ಸಲ ಬರುತ್ತೆ ಇಲ್ಲಾಂದ್ರೆ ತಿಂಗಳುಗಟ್ಟಲೆ ಬರಲ್ಲ, ಕೆರೆ ಇರೋದು ನ್ಯಾಷನಲ್ ಪಾರ್ಕ್ ಒಳಗೆ, ಮೇಲೆ ಯುನೆಸ್ಕೋ ವಿಶ್ವ ಪರಂಪರೆ ಪಟ್ಟ ಬೇರೆ. ಇಷ್ಟೂ ಒಂದೇ ಕೆರೆ ತಲೆ ಮೇಲೆ ಕೂತ್ಕೊಂಡ್ರೆ ಏನಾಗುತ್ತೆ ಅನ್ನೋದು ನೋಡೋ ಹಾಗಿದೆ, ಅದಕ್ಕೇ ಇಷ್ಟುದ್ದ ಬರೀತಿರೋದು.

ಮೊದಲು ಹೆಸರು. ಓಡರ್ ಅಂದ್ರೆ ಪೋಲೆಂಡ್ ಗಡಿಯಲ್ಲಿ ಹರಿಯೋ ದೊಡ್ಡ ನದಿ ಅಲ್ಲ, ಅದೇ ಹೆಸರಿನ ಒಂದು ಪುಟ್ಟ ಬೆಟ್ಟದ ಹೊಳೆ ಇದು. ಟೈಶ್ ಅಂದ್ರೆ ಕೆರೆ, ಕೊಳ. ಸಮುದ್ರ ಮಟ್ಟದಿಂದ 700 ಮೀಟರ್‌ಗಿಂತ ಸ್ವಲ್ಪ ಮೇಲೆ, ಸಾಂಕ್ಟ್ ಆಂಡ್ರೇಯಾಸ್‌ಬೆರ್ಗ್ ಅನ್ನೋ ಗಣಿ ಊರಿನ ನೆತ್ತಿಗೆ, ಆ ಹೊಳೆಗೆ ಅಡ್ಡ ಏರಿ ಹಾಕಿ ಕಟ್ಟಿದ್ದು. ಕೆಲಸ ಶುರುವಾಗಿದ್ದು 1715ರಲ್ಲಿ, ಮುಗಿದಿದ್ದು 1722ರ ಹೊತ್ತಿಗೆ. ಏರಿ ಸುಮಾರು 22 ಮೀಟರ್ ಎತ್ತರ, ಅಂದ್ರೆ ಹೆಚ್ಚುಕಮ್ಮಿ ಏಳು ಮಹಡಿ. ಹಿಡಿಯೋ ನೀರು ಸುಮಾರು 17 ಲಕ್ಷ ಘನ ಮೀಟರ್. ನಮ್ಮ ಲೆಕ್ಕದಲ್ಲಿ ಹೇಳಬೇಕಂದ್ರೆ 0.06 ಟಿಎಂಸಿ, ಕೆಆರ್‌ಎಸ್ ಒಳಗೆ ಇಂಥವು 800 ಹಿಡಿಸ್ತವೆ. ಇಷ್ಟೇನಾ ಅಂತ ನಗಬೇಡಿ, 19ನೇ ಶತಮಾನದ ಕೊನೆವರೆಗೂ ಜರ್ಮನಿಯಲ್ಲಿ ಇದಕ್ಕಿಂತ ದೊಡ್ಡ ಅಣೆಕಟ್ಟು ಇರಲಿಲ್ಲ.

ಬೆಟ್ಟದ ಮೇಲೆ, ಕಾಡಿನ ನಡುವೆ, ಒಂದು ಸೇರು ಗೋಧಿನೂ ಬೆಳೆಯದ ಜಾಗದಲ್ಲಿ ಯಾಕೆ ಕಟ್ಟಿದ್ರು ಅಂದ್ರೆ ಬೆಳ್ಳಿಗೆ. ಗಣಿ ಆಳಕ್ಕೆ ಹೋದಷ್ಟೂ ತಳದಲ್ಲಿ ನೀರು ತುಂಬ್ಕೊಳುತ್ತೆ, ಅದನ್ನ ಎತ್ತಿ ಹೊರಗೆ ಹಾಕದೇ ಇದ್ರೆ ಕೆಲಸ ನಿಂತೋಗುತ್ತೆ. ಎತ್ತೋಕೆ ಪಂಪು ಬೇಕು, ಪಂಪು ತಿರುಗಿಸೋಕೆ ನೀರಿನ ಚಕ್ರ ಬೇಕು, ಚಕ್ರಕ್ಕೆ ಮೇಲಿಂದ ಬೀಳೋ ನೀರು ಬೇಕು. ಒಟ್ಟಲ್ಲಿ ನೀರಿಂದಾನೇ ನೀರು ಎತ್ತೋ ಲೆಕ್ಕ. ಅದಿರು ಮೇಲಕ್ಕೆ ಎಳೆಯೋದು, ಕುಟ್ಟಿ ಪುಡಿ ಮಾಡೋದು, ಕುಲುಮೆಗೆ ಗಾಳಿ ಊದೋದು, ಎಲ್ಲಕ್ಕೂ ಅದೇ ಚಕ್ರಗಳು. ಬೇಸಿಗೆಯಲ್ಲಿ ಹೊಳೆ ಬತ್ತಿದ್ರೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ್ರೆ ಗಣಿ ಬಂದ್, ಕೂಲಿ ಬಂದ್. ಹಂಗಾಗಿ ಕೆರೆ ಅಂದ್ರೆ ಅವರಿಗೆ ಬ್ಯಾಟರಿ ಇದ್ದಂಗೆ. 16ನೇ ಶತಮಾನದಿಂದ 19ನೇ ಶತಮಾನದ ತನಕ ಈ ಬೆಟ್ಟದಲ್ಲಿ ಹೀಗೆ 140ಕ್ಕೂ ಹೆಚ್ಚು ಕೆರೆ, ಸುಮಾರು 500 ಕಿಲೋಮೀಟರ್ ಕಾಲುವೆ, ಬೆಟ್ಟದ ಹೊಟ್ಟೆ ಕೊರೆದು 30 ಕಿಲೋಮೀಟರ್‌ನಷ್ಟು ನೀರಿನ ಸುರಂಗ ಮಾಡ್ಕೊಂಡಿದ್ರು. ನೀರು ರಾಜಂದು, ಆದ್ರೆ ಬಳಸೋ ಹಕ್ಕು ಗಣಿಯವರಿಗೆ ಅಂತ ರಾಜನೇ ಬರ್ಕೊಟ್ಟಿದ್ದ, ಹೊಲಗದ್ದೆಯವರು ಆಮೇಲೆ.

ಕಟ್ಟಿರೋ ರೀತಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ನನಗೆ ಇಷ್ಟ ಆಗಿದ್ದೇ ಅದು. ಏರಿ ನೀರು ಸೋರದೇ ಇರೋಕೆ ನಮ್ಮಲ್ಲಿ ಜೇಡಿಮಣ್ಣು ಹಾಕಿ ತುಳಿಸ್ತಾರೆ, ಈ ಬೆಟ್ಟದಲ್ಲಿ ಒಳ್ಳೆ ಜೇಡಿ ಸಿಗೋದು ಕಷ್ಟ. ಅದಕ್ಕೆ ಹಳಬರು ಹುಲ್ಲಿನ ಸಮೇತ ನೆಲದ ಮೇಲ್ಪದರನ ಹೆಂಟೆ ಹೆಂಟೆಯಾಗಿ ಕತ್ತರಿಸಿ, ಒದ್ದೆ ಇರೋವಾಗಲೇ ಒಂದ್ರ ಮೇಲೊಂದು ಅದುಮಿ ಜೋಡಿಸ್ತಿದ್ರು, ಅದೇ ನೀರು ತಡಿಯೋ ಗೋಡೆ. ಗಾಳಿ ತಾಗದೇ ಒದ್ದೆಯಾಗೇ ಇದ್ರೆ ಅದು ಕೊಳೆಯಲ್ಲ. ಓಡರ್‌ಟೈಶ್‌ನಲ್ಲಿ ಮಾತ್ರ ಬೇರೆ ದಾರಿ ಹಿಡಿದ್ರು, ಇಲ್ಲಿ ಬಂಡೆ ಗ್ರಾನೈಟು. ಎರಡೂ ಕಡೆ ಗ್ರಾನೈಟ್ ಕಲ್ಲಿನ ಗೋಡೆ ಕಟ್ಟಿ, ನಡುವೆ ಗ್ರಾನೈಟ್ ಸವೆದು ಆದ ಪುಡಿ ತುಂಬಿ ತುಳಿದ್ರು, ನಮ್ಮ ಕಡೆ ಗರಸು ಅಂತೀವಲ್ಲ ಹೆಚ್ಚುಕಮ್ಮಿ ಅದೇ. ಗಾರೆ ಇಲ್ಲ, ಸಿಮೆಂಟಂತೂ ಇನ್ನೂ ಹುಟ್ಟೇ ಇರಲಿಲ್ಲ. ಏರಿಯ ಹೊರಮೈ ಕೆಳಗೆ ನಿಂತು ಆ ಕಲ್ಲುಗಳ ಮೇಲೆ ಕೈ ಇಟ್ರೆ ಒಂದೊಂದೂ ಎತ್ತಿನಗಾಡಿ ಚಕ್ರದಷ್ಟಿದೆ, ಸಂದಿನಲ್ಲಿ ಪಾಚಿ, ಮುನ್ನೂರು ವರ್ಷದಿಂದ ಅಲ್ಲೇ ಕೂತಿದೆ.

ಇನ್ನು ತೂಬು. ಹಾರ್ಟ್ಸ್ ಕೆರೆಗಳ ಹಳೇ ತೂಬು ಅಂದ್ರೆ ಓಕ್ ಮರದ ದಿಮ್ಮಿ ಕೊರೆದು ಮಾಡಿದ ಕೊಳವೆ, ಏರಿ ತಳದಲ್ಲಿ ಹಾಯ್ಸಿರ್ತಾರೆ, ಅದರ ಬಾಯಿಗೆ ಒಂದು ಮರದ ಬಿರಡೆ, ಬಿರಡೆಗೆ ಉದ್ದ ಕೋಲು, ಕೋಲು ಮೇಲೆ ಬಂದಲ್ಲಿ ಒಂದು ಪುಟ್ಟ ಮನೆ. ಬಿರಡೆ ಎತ್ತಿದ್ರೆ ನೀರು, ಬಿಟ್ರೆ ಬಂದ್. ನಮ್ಮ ಕೋಲಾರದ ಕೆರೆಗಳಲ್ಲಿ ಎರಡು ಕಲ್ಲಿನ ಕಂಬ ನಿಲ್ಲಿಸಿ, ನಡುವೆ ಅಡ್ಡಗಲ್ಲಿನ ತೂತಿನಲ್ಲಿ ಕೋಲು ಇಳಿಬಿಟ್ಟು, ತುದಿಗೆ ಬಿರಡೆ ಸಿಕ್ಕಿಸಿರೋ ತೂಬು ನೋಡಿರೋರಿಗೆ ಇದು ಹೊಸದೇನಲ್ಲ. ಏರಿ ಮೇಲಿರೋ ಆ ಪುಟ್ಟ ಮನೆ ತೋರಿಸಿದಾಗ ನಮ್ಮಪ್ಪ ಕೇಳದೇನೇ "ಅದು ತೂಬಿನ ಮನೆ" ಅಂದ್ಬಿಟ್ರು. ಇಬ್ಬರೂ ಒಬ್ಬರಿಂದೊಬ್ಬರು ಕಲ್ತಿದ್ದಲ್ಲ, ನೀರನ್ನ ಆಳದಿಂದ ಸ್ವಲ್ಪ ಸ್ವಲ್ಪವಾಗಿ ಬಿಡಬೇಕು ಅಂದ್ರೆ ತಲೆ ಓಡೋದೇ ಹಂಗೆ ಅನ್ಸುತ್ತೆ.

ಬಿಟ್ಟ ನೀರು ಹೋಗೋದು ರೇಬೆರ್ಗರ್ ಗ್ರಾಬೆನ್ ಅನ್ನೋ ಕಾಲುವೆಗೆ, ಏಳು ಕಿಲೋಮೀಟರ್ ಚಿಲ್ರೆ, ಬೆಟ್ಟದ ಪಕ್ಕೆಗೆ ಅಂಟ್ಕೊಂಡು ಹೋಗುತ್ತೆ. ಇಳಿಜಾರು ಎಷ್ಟು ಕಮ್ಮಿ ಅಂದ್ರೆ ಪಕ್ಕದಲ್ಲಿ ನಡ್ಕೊಂಡು ಹೋದ್ರೆ ನೀರು ಹರೀತಿರೋದು ಯಾವ ದಿಕ್ಕಿಗೆ ಅಂತ ಎಲೆ ಹಾಕಿ ನೋಡಬೇಕು. ಅಲ್ಲಲ್ಲಿ ಮೇಲೆ ಕಲ್ಲಿನ ಚಪ್ಪಡಿ ಮುಚ್ಚಿರೋದು ಹಿಮ ಬಿದ್ದು ನೀರು ಹೆಪ್ಪುಗಟ್ಟಬಾರದು ಅಂತ. ಕಾಲುವೆ ನಡು ದಾರೀಲಿ ಕಾಲುವೆ ಕಾಯೋರ ಮನೆ ಇದೆ, ಈಗ ಅದು ಹೋಟೆಲು, ಕಾಫಿ ಕೇಕು ಸಿಗುತ್ತೆ. ಕಾಯೋರ ಮನೆ ಹೋಟೆಲ್ ಆಗಿದೆ ಅಂದಾಗ ನಮ್ಮಪ್ಪ ಸ್ವಲ್ಪ ಬೇಜಾರಾದ್ರು.

ಕಾಲುವೆ ಮುಗಿಯೋ ಊರಿನಲ್ಲಿ ಸಾಮ್ಸನ್ ಅನ್ನೋ ಬೆಳ್ಳಿ ಗಣಿ, 810 ಮೀಟರ್ ಆಳ, 1910ರಲ್ಲಿ ಮುಚ್ಚಿದ್ರು. ಸಾಧಾರಣವಾಗಿ ಇಂಥ ಕೆರೆಗಳ ಕಥೆ ಅಲ್ಲಿಗೆ ಮುಗೀಬೇಕು. ಗಣಿ ಇಲ್ಲ ಅಂದ್ಮೇಲೆ ಬಿರಡೆ ಎತ್ತೋದು ಯಾಕೆ, ಎತ್ತದ ಬಿರಡೆ ಕಚ್ಕೊಳುತ್ತೆ, ಏರಿ ಮೇಲೆ ಮರ ಹುಟ್ಟುತ್ತೆ, ಮರದ ಬೇರು ಒಳಗೆ ದಾರಿ ಮಾಡುತ್ತೆ, ಬೇರು ಕೊಳೆತ ಮೇಲೆ ಆ ದಾರೀಲಿ ನೀರು ಜಿನುಗುತ್ತೆ, ಒಂದು ದೊಡ್ಡ ಮಳೆಗೆ ಏರಿ ಒಡೆಯುತ್ತೆ. ಹಾರ್ಟ್ಸ್‌ನಲ್ಲೇ ಒಡೆದು ಬಿಟ್ಟುಹೋಗಿರೋ ಹಳೇ ಏರಿಗಳು ಕಾಡಲ್ಲಿ ಕಾಣ್ಸುತ್ವೆ. ಇಲ್ಲಿ ಮಾತ್ರ ಕೆರೆಗೆ ಎರಡನೇ ಕೆಲಸ ಸಿಕ್ತು. ಖಾಲಿ ಗಣಿ ಬಾವಿಯೊಳಗೆ 130 ಮೀಟರ್ ಆಳದಲ್ಲಿ ಒಂದು, 190 ಮೀಟರ್ ಆಳದಲ್ಲಿ ಇನ್ನೊಂದು ಕರೆಂಟ್ ಮಾಡೋ ಟರ್ಬೈನ್ ಕೂರಿಸಿದ್ರು, ಮೇಲಿಂದ ಅದೇ ಕೆರೆ ನೀರು ಬಿಟ್ರು. ಅವು ಇವತ್ತೂ ಓಡ್ತಿವೆ. ಅಲ್ಲಿಗೆ ಇಳಿಯೋಕೆ 1837ರ ಫಾರ್‌ಕುನ್ಸ್ಟ್ ಅನ್ನೋ ವ್ಯವಸ್ಥೆ ಇದೆ, ಎರಡು ಜೊತೆ ಹಗ್ಗ ಮೇಲೆ ಕೆಳಗೆ ಆಡ್ತಿರುತ್ತೆ, ಅದಕ್ಕೆ ಮೆಟ್ಟಿಲು ಸಿಕ್ಕಿಸಿರ್ತಾರೆ, ಮನುಷ್ಯ ಒಂದರಿಂದ ಇನ್ನೊಂದಕ್ಕೆ ದಾಟ್ತಾ ದಾಟ್ತಾ ಇಳೀಬೇಕು. ಪ್ರಪಂಚದಲ್ಲಿ ಈಗಲೂ ಓಡ್ತಿರೋದು ಅದೊಂದೇ.

ಸರಿ, ಈಗಿನ ತಕರಾರಿಗೆ ಬರೋಣ.

ಓಡರ್‌ಟೈಶ್‌ಗೆ ಹತ್ತು ವರ್ಷದ ಹಿಂದೆ ಬಂದೋರು ತೆಗೆದ ಫೋಟೋದಲ್ಲಿ ಕೆರೆ ಸುತ್ತ ಕಪ್ಪು ಹಸಿರು ಸ್ಪ್ರೂಸ್ ಮರ, ಕ್ಯಾಲೆಂಡರ್ ಚಿತ್ರ ಇದ್ದಂಗೆ. ಈಗ ಹೋದ್ರೆ ಬೆಟ್ಟ ಪೂರ್ತಿ ಬೂದು ಬಣ್ಣದ ಕಂಬಗಳು, ತೊಗಟೆ ಬಿಟ್ಟು, ಕೊಂಬೆ ಮುರ್ಕೊಂಡು ನಿಂತಿವೆ, ಎಷ್ಟೋ ಬಿದ್ದಿವೆ, ನಡುವೆ ಮೊಳಕಾಲೆತ್ತರಕ್ಕೆ ಹೊಸ ಹಸಿರು. 2018ರಿಂದ ಸಾಲು ಸಾಲು ಒಣ ಬೇಸಿಗೆ ಬಂತು. ನೀರಿಲ್ಲದ ಸ್ಪ್ರೂಸ್‌ಗೆ ಅಂಟು ಸುರಿಸಿ ಹುಳುನ ಓಡಿಸೋ ಶಕ್ತಿ ಇರಲ್ಲ, ತೊಗಟೆ ಕೊರೆಯೋ ಜೀರುಂಡೆ, ಅಕ್ಕಿ ಕಾಳಿಗಿಂತ ಸಣ್ಣದು, ಲಕ್ಷಾಂತರ ಒಳಗೆ ನುಗ್ಗಿ ಬುಡದಿಂದ ತುದಿವರೆಗೂ ತಿಂದು ಹಾಕಿತು. ನ್ಯಾಷನಲ್ ಪಾರ್ಕಿನ ದೊಡ್ಡ ಸ್ಪ್ರೂಸ್‌ಗಳಲ್ಲಿ ಬಹುಪಾಲು ಹೋಯ್ತು. 2022ರ ಸೆಪ್ಟೆಂಬರ್‌ನಲ್ಲಿ, ಆಮೇಲೆ 2024ರ ಸೆಪ್ಟೆಂಬರ್‌ನಲ್ಲಿ ಬ್ರೋಕನ್ ಶಿಖರದ ಹತ್ರ ಕಾಡ್ಗಿಚ್ಚು ಬೇರೆ.

ಇದನ್ನ "ಪುರಾತನ ಕಾಡು ನಾಶ ಆಯ್ತು" ಅಂತ ಬರೆಯೋರಿದಾರೆ, ಅದು ಅರ್ಧ ಸತ್ಯ. ಬೆಟ್ಟದ ತೀರಾ ಮೇಲಿನ ಭಾಗದಲ್ಲಿ ಸ್ಪ್ರೂಸ್ ತಾನಾಗೇ ಬೆಳೆಯೋದು ನಿಜ, ಆದ್ರೆ ಕೆಳಗಿನ ಇಳಿಜಾರುಗಳಲ್ಲಿ ಮೊದಲಿದ್ದದ್ದು ಬೀಚ್ ಮರದ ಕಾಡು. ಅದನ್ನ ಕಡಿದು ಇದ್ದಿಲು ಮಾಡಿ ಕುಲುಮೆಗೆ ಹಾಕಿದ್ದು ಇದೇ ಗಣಿಗಳು. ಆಮೇಲೆ ಬೇಗ ಬೆಳೆಯುತ್ತೆ, ಗಣಿಗೆ ನೆಟ್ಟಗಿನ ಕಂಬ ಸಿಗುತ್ತೆ ಅಂತ ಸಾಲು ಹಿಡಿದು ಸ್ಪ್ರೂಸ್ ನೆಟ್ರು, ನಮ್ಮಲ್ಲಿ ನೀಲಗಿರಿ ನೆಟ್ಟಂಗೆ. ಒಂದೇ ಜಾತಿ, ಒಂದೇ ವಯಸ್ಸು. ಹುಳ ಬರದೇ ಇನ್ನೇನು, 18ನೇ ಶತಮಾನದ ಕೊನೆಯಲ್ಲೂ ಇದೇ ಹುಳ ಬಂದು ಇದೇ ಬೆಟ್ಟ ಬೋಳಾಗಿತ್ತು. ಹಂಗಾಗಿ ಓಡರ್‌ಟೈಶ್ ಎಷ್ಟು ಮನುಷ್ಯ ಮಾಡಿದ್ದೋ ಸುತ್ತ ಇದ್ದ ಕಾಡಿನ ಬಹುಭಾಗಾನೂ ಅಷ್ಟೇ ಮನುಷ್ಯ ಮಾಡಿದ್ದು. ಮರ ಸತ್ತಾಗ ನಮಗೆ ಗೊತ್ತಾಯ್ತು, ಕೆರೆ ಇನ್ನೂ ಸತ್ತಿಲ್ಲ, ಅದಕ್ಕೇ ಅದರದ್ದು ನಮಗೆ ಗೊತ್ತಾಗಿಲ್ಲ.

ಮರ ಸತ್ರೆ ಕೆರೆಗೆ ಏನಾಗುತ್ತೆ? ನೀರು ಕಮ್ಮಿ ಆಗುತ್ತೆ ಅಂತ ಥಟ್ ಅಂತ ಹೇಳ್ಬಿಡ್ತೀವಿ, ವಿಷಯ ಅಷ್ಟು ನೇರ ಇಲ್ಲ. ಬದುಕಿರೋ ಮರ ನೆಲದಿಂದ ನೀರು ಹೀರಿ ಗಾಳಿಗೆ ಬಿಡುತ್ತೆ, ಮಳೆನೂ ಸ್ವಲ್ಪ ಎಲೆ ಮೇಲೇ ಹಿಡ್ಕೊಂಡು ಆವಿ ಮಾಡುತ್ತೆ. ಮರ ಹೋದ್ರೆ ಆ ಖರ್ಚು ಉಳಿಯುತ್ತೆ, ಮೊದಮೊದಲು ಕೆರೆಗೆ ಬರೋ ನೀರು ಹೆಚ್ಚಾಗಲೂಬಹುದು. ತೊಂದರೆ ಇರೋದು ಅದು ಬರೋ ರೀತಿಯಲ್ಲಿ. ನೆರಳಿಲ್ಲದ ಜಾಗದಲ್ಲಿ ಹಿಮ ಬೇಗ ಕರಗುತ್ತೆ, ಜೋರು ಮಳೆ ತಡೆಯಿಲ್ಲದೆ ಇಳಿಯುತ್ತೆ, ಬರೋದೆಲ್ಲ ಒಂದೇ ವಾರದಲ್ಲಿ ಬಂದು ಆಮೇಲೆ ಬರೀ ಬಾಯಿ ಬಿಡೋದು. ಜೊತೆಗೆ ಕೊಳೀತಿರೋ ಬೇರು, ಎಲೆಯಿಂದ ನೈಟ್ರೇಟ್, ಕಂದು ಬಣ್ಣದ ಇಂಗಾಲದ ಅಂಶ ನೀರಿಗಿಳಿಯುತ್ತೆ. ಓಡರ್‌ಟೈಶ್ ನೀರು ಮೊದಲಿಂದಾನೂ ಕಂದೇ, ಮೇಲೆ ಜೌಗು ನೆಲ ಇದೆ, ಸಾವಿರಾರು ವರ್ಷದ ಪಾಚಿ ಕೊಳೆತು ಆಗಿರೋ ನೆಲ, ಅದರೊಳಗಿಂದ ಸೋಸ್ಕೊಂಡು ಬರೋ ನೀರು ಥೇಟ್ ಕಾಫಿ ಡಿಕಾಕ್ಷನ್. ಸೊಂಟದವರೆಗೆ ಇಳಿದ್ರೆ ಸಾಕು, ಪಾದ ಕಾಣಲ್ಲ. ಮೊದಲ ಸಲ ನಾನು ಗಲೀಜು ಅಂದ್ಕೊಂಡು ಈಜಲೇ ಇಲ್ಲ. ಈಗ ಆ ಡಿಕಾಕ್ಷನ್ ಇನ್ನೂ ಗಟ್ಟಿ ಆದ್ರೆ ಕಷ್ಟ ನನಗಲ್ಲ, ಬೆಟ್ಟದ ಕೆಳಗೆ ಕುಡಿಯೋ ನೀರಿನ ಅಣೆಕಟ್ಟುಗಳಿವೆ, ಅವಕ್ಕೂ ಇಂಥದೇ ಬೋಳು ಬೆಟ್ಟಗಳಿಂದ ನೀರು ಬರೋದು, ಅಲ್ಲಿ ಸೋಸೋರಿಗೆ ಕಷ್ಟ.

ಜೋರು ಮಳೆ ಅಂದ್ನಲ್ಲ, 2017ರ ಜುಲೈನಲ್ಲಿ ಬೆಟ್ಟದ ಬುಡದ ಗೋಸ್ಲರ್ ಊರಿನ ಹಳೇ ಬೀದಿಗಳಲ್ಲಿ ನೀರು ನುಗ್ಗಿ ಹರೀತು. 2023ರ ಡಿಸೆಂಬರ್‌ನಲ್ಲಿ ಕ್ರಿಸ್ಮಸ್ ಹೊತ್ತಿಗೆ ಮಳೆ ನಿಲ್ಲಲೇ ಇಲ್ಲ, ಹಾರ್ಟ್ಸ್‌ನ ದೊಡ್ಡ ಓಕರ್ ಅಣೆಕಟ್ಟು ತುಂಬಿ ಕೋಡಿ ಬಿತ್ತು. ನಡುವಿನ ವರ್ಷಗಳಲ್ಲಿ ಬರ. ಇಂಥ ಏರುಪೇರಿನ ಕಾಲಕ್ಕೆ ಹಳೇ ಕೆರೆಗಳು, ಸುರಂಗಗಳು ಉಪಯೋಗಕ್ಕೆ ಬರ್ತವಾ, ಹೆಚ್ಚಾದ ನೀರನ್ನ ಒಂದು ಕಣಿವೆಯಿಂದ ಇನ್ನೊಂದಕ್ಕೆ ದಾಟಿಸಬಹುದಾ ಅಂತ ಕ್ಲೌಸ್ತಾಲ್ ಯೂನಿವರ್ಸಿಟಿಯವರೂ ನೀರಿನ ಕಂಪನಿಯವರೂ ಸೇರಿ ಲೆಕ್ಕ ಹಾಕ್ತಿದಾರೆ. ನನಗೆ ಅದರಲ್ಲಿ ಒಂದು ಮಾತು ಮಾತ್ರ ಸರಿ ಕಾಣ್ಸುತ್ತೆ: 0.06 ಟಿಎಂಸಿ ಕೆರೆಯಿಂದ ಯಾವ ಊರೂ ಪ್ರವಾಹದಿಂದ ಉಳಿಯಲ್ಲ, ಆದ್ರೆ ನೀರನ್ನ ಕಣಿವೆ ದಾಟಿಸೋ ಆ ಕಾಲುವೆ ಸುರಂಗಗಳ ಜಾಲ ಇದೆಯಲ್ಲ, ಅದು ಇವತ್ತು ಹೊಸದಾಗಿ ತೋಡ್ತೀವಿ ಅಂದ್ರೆ ಯಾರೂ ಪರ್ಮಿಷನ್ ಕೊಡಲ್ಲ, ದುಡ್ಡೂ ಕೊಡಲ್ಲ.

ಯಾಕೆ ಕೊಡಲ್ಲ ಅಂದ್ರೆ ಪಾರ್ಕು. ಹಾರ್ಟ್ಸ್ ನ್ಯಾಷನಲ್ ಪಾರ್ಕಿನ ಪೂರ್ವದ ಭಾಗ 1990ರಲ್ಲಿ, ಪಶ್ಚಿಮದ್ದು 1994ರಲ್ಲಿ ಆಗಿದ್ದು, 2006ರಲ್ಲಿ ಎರಡೂ ಒಂದಾದ್ವು. ಪಾರ್ಕಿನ ನಿಯಮ ಪ್ರಕೃತಿನ ಅದರ ಪಾಡಿಗೆ ಬಿಡೋದು. ಅದಕ್ಕೇ ಸತ್ತ ಮರ ತೆಗೀತಿಲ್ಲ, ಅದು ಸೋಮಾರಿತನ ಅಲ್ಲ, ನೀತಿ. ಬಿದ್ದ ಮರದ ಮೇಲೇ ಹೊಸ ಸಸಿ ಬರುತ್ತೆ, ರೋವನ್, ಬರ್ಚ್ ಬರ್ತಿವೆ, ನಾನೇ ನೋಡಿದೀನಿ, ಚೆನ್ನಾಗೇ ಬರ್ತಿವೆ. ಆದ್ರೆ ಅದೇ ಪಾರ್ಕಿನ ನಡುವೆ 2010ರಿಂದ ಯುನೆಸ್ಕೋ ಪಟ್ಟಿಯಲ್ಲಿರೋ ಕೆರೆ, ಕಾಲುವೆ ಇದೆ. ಕೆರೆನ ಅದರ ಪಾಡಿಗೆ ಬಿಡೋ ಹಾಗಿಲ್ಲ. ಸತ್ತ ಮರ ಕಾಲುವೆಗೆ ಅಡ್ಡ ಬಿದ್ರೆ ನೀರು ಉಕ್ಕಿ ದಂಡೆ ಕೊರೆಯುತ್ತೆ, ದಂಡೆ ಹೋದ್ರೆ ಕೆಳಗಿನ ಇಳಿಜಾರೇ ಜರಿಯುತ್ತೆ. ಅಂದ್ರೆ ಕಾಲುವೆಯಿಂದ ಒಂದು ಕಡೆ ನಾಲ್ಕು ಹೆಜ್ಜೆ ಇಟ್ರೆ ಒಂದು ಕೊಂಬೆನೂ ಮುಟ್ಟಬಾರದು, ಈ ಕಡೆ ಒಂದು ಕೊಂಬೆನೂ ಬಿಡಬಾರದು. ಕೆಲವರು ಹೊಳೆ ನೀರು ಹೊಳೆಗೇ ಹೋಗಲಿ, ಬೆಳ್ಳಿ ಮುಗಿದು ನೂರು ವರ್ಷ ಆಯ್ತಲ್ಲ ಅಂತಾರೆ. ಅವರ ಮಾತನ್ನ ತಳ್ಳಿಹಾಕೋಕಾಗಲ್ಲ. ಬೇಸಿಗೆಯಲ್ಲಿ ಕಾಲುವೆಗೆ ಬಿಟ್ಟ ಪ್ರತಿ ಬಿಂದಿಗೆನೂ ಓಡರ್ ಹೊಳೆಯ ಮೀನಿಂದ ಕಿತ್ಕೊಂಡಿದ್ದೇ. ನನಗೆ ಮಾತ್ರ ಈ ಕೆರೆ ಅಂಚಲ್ಲಿ ಮುನ್ನೂರು ವರ್ಷದಲ್ಲಿ ಬೆಳ್ಕೊಂಡಿರೋ ಪಾಚಿ, ಜೊಂಡು, ಅದನ್ನ ನಂಬ್ಕೊಂಡಿರೋ ಏರೋಪ್ಲೇನ್ ಚಿಟ್ಟೆಗಳನ್ನ ನೋಡಿದ ಮೇಲೆ, ಇದನ್ನ ಒಡೆದು ಕಾಡಿಗೆ ವಾಪಸ್ ಕೊಡೋದು ಅನ್ನೋದೂ ಒಂಥರಾ ಕಾಡು ಕಡಿಯೋದೇ ಅನ್ಸುತ್ತೆ.

ಪಟ್ಟ ಕೊಟ್ಟ ಯುನೆಸ್ಕೋ ದುಡ್ಡು ಕೊಡಲ್ಲ. ಹಂಗಾದ್ರೆ ಬಿರಡೆ ಎತ್ತೋನಿಗೆ ಸಂಬಳ ಎಲ್ಲಿಂದ? ಇದು ಸ್ವಾರಸ್ಯವಾಗಿದೆ. 1928ರಲ್ಲಿ ಶುರುವಾದ ಹಾರ್ಟ್ಸ್‌ವಾಸರ್‌ವೆರ್ಕೆ ಅನ್ನೋ ನೀರಿನ ಸಂಸ್ಥೆ ದೊಡ್ಡ ಅಣೆಕಟ್ಟುಗಳಿಂದ ಬ್ರೇಮನ್‌ವರೆಗೂ ಕುಡಿಯೋ ನೀರು ಮಾರುತ್ತೆ. 1990ರ ದಶಕದಲ್ಲಿ ಗಣಿಗಾರಿಕೆ ಪೂರ್ತಿ ಮುಗಿಯೋ ಹೊತ್ತಿಗೆ ಹಳೇ ಕೆರೆಗಳ ಹೊಣೆ ಇದರ ಹೆಗಲಿಗೆ ಬಂತು, 1996ರಲ್ಲಿ ಸರ್ಕಾರ ಸಂಸ್ಥೆನ ಮಾರಿದಾಗಲೂ ಹೊಣೆ ಅದರ ಜೊತೇಲೇ ಹೋಯ್ತು. ಇವತ್ತು 65 ಕೆರೆ, 70 ಕಿಲೋಮೀಟರ್ ಕಾಲುವೆ, 20 ಕಿಲೋಮೀಟರ್ ಸುರಂಗ ಅವರೇ ನೋಡ್ಕೋಬೇಕು. ಲಾಭ ಅದರಿಂದ ಇಲ್ಲ ಅನ್ನೋಷ್ಟು ಕಮ್ಮಿ, ಪುಟ್ಟ ಟರ್ಬೈನ್‌ಗಳ ಕರೆಂಟಿಂದ ಏರಿ ಹುಲ್ಲು ಕೊಯ್ಯೋ ಖರ್ಚೂ ಗಿಟ್ಟುತ್ತೋ ಇಲ್ವೋ. ಒಟ್ಟಲ್ಲಿ ಇನ್ನೂರು ಕಿಲೋಮೀಟರ್ ದೂರದ ಬ್ರೇಮನ್‌ನಲ್ಲಿ ನಲ್ಲಿ ತಿರುಗಿಸೋ ಯಾರೋ ಒಬ್ಬರು 1722ರ ಕೆರೆಗೆ ಚಿಲ್ರೆ ಕಾಸು ಹಾಕ್ತಿದಾರೆ, ಅವರಿಗೇ ಗೊತ್ತಿಲ್ದೆ. ಕಾಡು ಸತ್ತು ಖರ್ಚು ಏರ್ತಿರೋವಾಗ ಈ ಏರ್ಪಾಡು ಎಷ್ಟು ದಿನ ನಡೆಯುತ್ತೆ, ರಾಜ್ಯ ಸರ್ಕಾರ ಕೈ ಜೋಡಿಸಬೇಕಾ ಅನ್ನೋದೇ ಅಸಲಿ ಜಗಳ. ಮರ, ಹುಳ, ಯುನೆಸ್ಕೋ ಎಲ್ಲಾ ಅದರ ಸುತ್ತಾಡೋ ಮಾತು.

ಇದನ್ನೆಲ್ಲಾ ಓದ್ಕೊಂಡು ಒಂದಿನ ನಮ್ಮಪ್ಪಂಗೆ ಹೇಳ್ದೆ. ಅವರು ನೆನಪಿಸ್ಕೊಂಡಿದ್ದು ಬೇತಮಂಗಲ ಕೆರೆನ. ಕೆಜಿಎಫ್ ಚಿನ್ನದ ಗಣಿಗೆ, ಆ ಊರಿಗೆ ನೀರು ಹೋಗ್ತಿದ್ದದ್ದು ಅಲ್ಲಿಂದ. ಚಕ್ರ ತಿರುಗಿಸೋಷ್ಟು ನೀರು ಕೋಲಾರದಲ್ಲಿ ಎಲ್ಲಿಂದ ಬರಬೇಕು, 1902ರಲ್ಲಿ ಶಿವನಸಮುದ್ರದಿಂದ ತಂತಿ ಎಳೆದು ಕರೆಂಟ್ ತಂದ್ರು. ಗಣಿ 2001ರಲ್ಲಿ ಮುಚ್ಚಿತು, ಗಣಿ ಜೊತೆ ಅದನ್ನ ನೋಡ್ಕೊಳ್ತಿದ್ದ ಕೆಲಸಗಳೂ ಮುಚ್ಕೊಂಡ್ವು. ನಮ್ಮೂರ ಕೆರೆದು ಬೇರೆ ಕಥೆ, ಅಲ್ಲಿ ನೀರುಗಂಟಿ ಮನೆಗೆ ಸುಗ್ಗಿಯಲ್ಲಿ ಕಣದಲ್ಲೇ ರಾಗಿ ಅಳೆದು ಕೊಡ್ತಿದ್ರು, ಬೋರ್‌ವೆಲ್ ಬಂದ್ಮೇಲೆ ಅಳೆಯೋದು ನಿಂತೋಯ್ತು, ಅವನ ಮಕ್ಕಳು ಬೆಂಗಳೂರಿಗೆ ಹೋದ್ರು, ತೂಬಿನ ಕಂಬ ಮಾತ್ರ ನಿಂತಿದೆ, ಕೋಲು ಬಿರಡೆ ಯಾವಾಗ ಹೋಯ್ತೋ.

ಅಕ್ಟೋಬರ್‌ನಲ್ಲಿ ಮತ್ತೆ ಹೋಗಿದ್ದೆ, ಈ ಸಲ ಬೇಕಂತಲೇ ಕಾಲುವೆ ಗುಂಟ ನಡೆದೆ. ಒಂದು ಕಡೆ ಕಿತ್ತಳೆ ಬಣ್ಣದ ಜಾಕೆಟ್ ಹಾಕ್ಕೊಂಡ ಒಬ್ಬರು ಕಬ್ಬಿಣದ ಜಾಲರಿಗೆ ಸಿಕ್ಕ ಎಲೆ, ತೊಗಟೆ ಚೂರುಗಳನ್ನ ಉದ್ದ ಹಲ್ಲಿನ ಕುಂಟೆಯಂಥದ್ರಲ್ಲಿ ಎಳೆದು ದಂಡೆಗೆ ಹಾಕ್ತಿದ್ರು. ಎಳೆದ ಹಾಗೆಲ್ಲ ಹಿಂದೆ ನಿಂತಿದ್ದ ಕಂದು ನೀರು ಸರ್ರಂತ ಮುಂದಕ್ಕೆ ಹೋಗೋದು. ದೂರದಿಂದ ಒಂದು ಫೋಟೋ ತೆಗೆದು, ಮುಖ ಕಾಣದ ಹಾಗೆ, ಮನೆ ಗ್ರೂಪಿಗೆ ಹಾಕಿ "ನೀರುಗಂಟಿ ಸಿಕ್ಕಿದ್ರು" ಅಂತ ಬರೆದೆ. ಎರಡು ನಿಮಿಷಕ್ಕೆ ಅಪ್ಪನ ವಾಯ್ಸ್ ಮೆಸೇಜು ಬಂತು: "ಒಬ್ನೇನಾ? ಅಷ್ಟುದ್ದ ಕಾಲುವೆಗೆ ಒಬ್ನೇ ಸಾಕಾ?"